ಶಾಲೆಯ ಅಂಗಳ, ಊರಿನ ಗಟಾರ: ಪರಿಸರದ ಆರೋಗ್ಯವನ್ನು ಮಕ್ಕಳಿಗೆ ಕಲಿಸುವ ಬಗೆ ಯಾವುದು?

ಪ್ರಶ್ನೆ: ಪರಿಸರ ಅಧ್ಯಯನ ಶಿಕ್ಷಕಿ, ಗುರುಮಠಕಲ್ ತಾಲ್ಲೂಕು

ಬಳಗದ ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗೆ ನಾನು ಪರಿಸರ ಅಧ್ಯಯನ ಕಲಿಸುತ್ತೇನೆ. ಈ ವರ್ಷ ಮಕ್ಕಳ ಪರಿಸರ ಸಂಘವಾದ ಇಕೋ ಕ್ಲಬ್‌ನ ಹೊಣೆಯೂ ನನ್ನ ಪಾಲಿಗೆ ಬಂದಿದೆ. ಶಾಲೆಯನ್ನೂ ತಮ್ಮ ಓಣಿಯನ್ನೂ ಆರೋಗ್ಯಕರವಾಗಿ ಇಟ್ಟುಕೊಳ್ಳುವುದನ್ನು ಮಕ್ಕಳು ಬಾಯಿಪಾಠವಾಗಿಯಲ್ಲದೆ ನಿಜವಾಗಿ ಕಲಿಯಬೇಕು ಎಂಬುದು ನನ್ನ ಆಸೆ. ಅದಕ್ಕೆ ಎರಡು ತೊಡಕುಗಳಿವೆ.

ಮೊದಲನೆಯದು, ಪಾಠಕ್ಕೂ ಬದುಕಿಗೂ ನಡುವೆ ಇರುವ ಅಂತರ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ ಎಂದು ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ; ಆದರೆ ಶಾಲೆಯ ಹಿಂದಿನ ನೀರಿನ ತೊಟ್ಟಿಯ ಮುಚ್ಚಳ ವಾರಗಟ್ಟಲೆ ತೆರೆದೇ ಇದ್ದರೂ ಅದಕ್ಕೂ ತಾವು ಬರೆದ ಉತ್ತರಕ್ಕೂ ಸಂಬಂಧವಿದೆ ಎಂದು ಅವರಿಗೆ ತೋಚುವುದಿಲ್ಲ. ಎರಡನೆಯದು ಪಾಲಕರ ಆಕ್ಷೇಪ. ಬೆಳಗಿನ ಪ್ರಾರ್ಥನೆಗೆ ಮೊದಲು ತರಗತಿವಾರು ಅಂಗಳ ಗುಡಿಸುವ ಪಾಳಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಮೊನ್ನೆ ತಾಯಿಯೊಬ್ಬರು ಬಂದು, "ಅಕ್ಕೋರೆ, ನಮ್ಮ ಹುಡುಗಿಗಿ ಕಸ ಹೊಡಿಲಾಕ ಸಾಲಿಗಿ ಕಳ್ಸಿಲ್ರಿ" ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ತಲೆಮಾರುಗಳಿಂದ ಊರಿನ ಕಸವನ್ನು ಯಾರ ಕೈಯಿಂದ ತೆಗೆಸಲಾಗಿದೆ ಎಂಬುದನ್ನು ಬಲ್ಲ ಯಾರೂ ಆ ಮಾತನ್ನು ತಳ್ಳಿಹಾಕಲಾರರು.

ಮಕ್ಕಳಿಗೆ ಹೊಣೆಗಾರಿಕೆಯನ್ನು ಕಲಿಸಬೇಕು, ಆದರೆ ಅವರನ್ನು ಪುಕ್ಕಟೆ ಕೆಲಸಗಾರರನ್ನಾಗಿ ಮಾಡಬಾರದು. ಈ ಗೆರೆಯನ್ನು ಎಲ್ಲಿ ಎಳೆಯಬೇಕು? ತೊಗರಿ ರಾಶಿ ಮುಗಿದ ಮೇಲೆ ಹಲವು ಮನೆಗಳವರು ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗುವುದರಿಂದ ಜನವರಿಯ ನಂತರ ಹಾಜರಾತಿಯೂ ತಗ್ಗುತ್ತದೆ. ಆದ್ದರಿಂದ ದೊಡ್ಡ ಯೋಜನೆಗಳಿಗಿಂತ ಇರುವ ತಿಂಗಳುಗಳಲ್ಲಿ ನಡೆಸಬಹುದಾದ ಕೆಲಸಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಮುಖ್ಯಗುರು, ಆಳಂದ

ಗುರುಮಾತೆಯವರೇ, ಆ ತಾಯಿಯ ಮಾತಿನಿಂದಲೇ ಆರಂಭಿಸುವುದು ಸರಿಯೆಂದು ನನಗೆ ತೋರುತ್ತದೆ. ಗುಡಿಸುವ ಪಾಳಿಯನ್ನು ನಮ್ಮ ಶಾಲೆಗಳು ಸ್ವಚ್ಛತೆಯ ಪಾಠವೆಂದು ಕರೆಯುತ್ತ ಬಂದಿವೆ. ಆದರೆ ಪಾಳಿಯ ಪಟ್ಟಿಯನ್ನು ಹಿಡಿದು ನೋಡಿದರೆ ಕಸಬರಿಗೆ ಹೆಣ್ಣುಮಕ್ಕಳ ಕೈಯಲ್ಲಿ, ನೀರಿನ ಕೊಡ ಇನ್ನೊಂದು ಓಣಿಯ ಮಕ್ಕಳ ತಲೆಯ ಮೇಲೆ, ಗಂಟೆ ಬಾರಿಸುವ ಕೆಲಸ ಗೌಡರ ಮನೆಯ ಹುಡುಗನಿಗೆ ಎಂಬಂಥ ಹಂಚಿಕೆ ಯಾರೂ ಹೇಳದೆಯೇ ನಡೆದಿರುತ್ತದೆ. ಇಂಥ ಕಡೆ ಮಗು ಕಲಿಯುವುದು ಊರಿನಲ್ಲಿ ಯಾರು ಯಾರ ಕಸ ತೆಗೆಯಬೇಕು ಎಂಬ ಹಳೆಯ ಪಾಠವನ್ನೇ.

ಆದ್ದರಿಂದ ಕೆಲಸವನ್ನು ಚೀಟಿ ಎತ್ತಿ ಹಂಚಿರಿ. ಗಂಡು ಹೆಣ್ಣೆಂಬ ಭೇದ ಬೇಡ. ಆ ಚೀಟಿಗಳಲ್ಲಿ ನಿಮ್ಮ ಹೆಸರೂ ಮುಖ್ಯಗುರುಗಳ ಹೆಸರೂ ಇರಲಿ. ತಾನು ಕುಳಿತ ಕೋಣೆ, ತಾನು ಉಂಡ ತಾಟು, ತಾನು ಬೀಸಾಡಿದ ಕಾಗದ ಇವಿಷ್ಟಕ್ಕೆ ಮಗುವನ್ನು ಹೊಣೆ ಮಾಡಬಹುದು. ಶೌಚಾಲಯಕ್ಕೆ ಮಾತ್ರ ಯಾವ ಕಾರಣಕ್ಕೂ ಮಕ್ಕಳನ್ನು ಹಚ್ಚಬಾರದು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣ ಬಯಲಾದ ಮೇಲೆ, ಮಕ್ಕಳಿಂದ ಶೌಚಾಲಯ ಸ್ವಚ್ಛ ಮಾಡಿಸಕೂಡದು ಎಂದು ಶಿಕ್ಷಣ ಇಲಾಖೆ ಖಡಾಖಂಡಿತವಾಗಿ ಸೂಚಿಸಿದೆ. ಕುಡಿಯಲು ಸುರಕ್ಷಿತ ನೀರು ಮತ್ತು ಗಂಡು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಒದಗಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಹಿರಿಯರ ಮೇಲಿರುವ ಕಟ್ಟುಪಾಡು. ಇದನ್ನು ಮಕ್ಕಳಿಗೂ ಹೇಳಬೇಕು. ತನ್ನ ಪಾಲಿನ ಕೆಲಸ ಯಾವುದು, ತಾನು ಕೇಳಿ ಪಡೆಯಬೇಕಾದದ್ದು ಯಾವುದು ಎಂಬ ವ್ಯತ್ಯಾಸವನ್ನು ಐದನೆಯ ತರಗತಿಯ ಮಗು ಚೆನ್ನಾಗಿಯೇ ಅರ್ಥ ಮಾಡಿಕೊಳ್ಳುತ್ತದೆ.

ಇನ್ನು ಪಾಠದ ಮಾತು. ಗುಡಿಸಿದ ಕಸವನ್ನು ಒಂದು ದಿನ ತಿಪ್ಪೆಗೆ ಹಾಕದೆ, ಹಳೆಯ ಗೋಣಿತಟ್ಟಿನ ಮೇಲೆ ಹರವಿ ಮಕ್ಕಳನ್ನು ಸುತ್ತಲೂ ಕೂಡಿಸಿರಿ. ಕೈಗೆ ಹಳೆಯ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಕಡ್ಡಿಯಿಂದ ಬೇರೆ ಬೇರೆ ಗುಂಪು ಮಾಡಲಿ. ಬೇವಿನ ಎಲೆ, ಸುಣ್ಣದ ಕಡ್ಡಿಯ ಚೂರು, ಪೆನ್ಸಿಲ್ ಹೆರೆದ ಸಿಪ್ಪೆ ಇವು ಒಂದು ಕಡೆ ಸೇರುತ್ತವೆ. ಕುರುಕಲು ತಿಂಡಿಯ ಪಾಕೀಟುಗಳು ಇನ್ನೊಂದು ಕಡೆ ಗುಡ್ಡೆಯಾಗುತ್ತವೆ. ಸಾಮಾನ್ಯವಾಗಿ ಈ ಎರಡನೆಯ ಗುಡ್ಡೆಯ ಪಕ್ಕದಲ್ಲಿಯೇ ಗುಟ್ಕಾ ಪಾಕೀಟುಗಳದೊಂದು ಸಣ್ಣ ಗುಂಪು ಬೆಳೆಯತೊಡಗುತ್ತದೆ, ಆಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇದು ಎಲ್ಲಿಂದ ಬಂತು ಎಂದು ಕೇಳಿರಿ. ಉತ್ತರ ಶಾಲೆಯ ಗೇಟಿನ ಆಚೆಗಿನ ಡಬ್ಬಾ ಅಂಗಡಿಗೆ ಕರೆದೊಯ್ಯುತ್ತದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ತಂಬಾಕು ನಿಯಂತ್ರಣ ಕಾಯ್ದೆ ಹೇಳುತ್ತದೆ. ಹಗ್ಗ ಹಿಡಿದು ಆ ದೂರವನ್ನು ಅಳೆಯುವುದು ಗಣಿತದ ಪಾಠವೂ ಹೌದು. ಆದರೆ ಅಂಗಡಿಯವರ ಹತ್ತಿರ ಮಾತಾಡುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಕೆಲಸ, ಮಕ್ಕಳನ್ನು ಆ ಜಗಳಕ್ಕೆ ಮುಂದೆ ಮಾಡಬಾರದು.

ಒಂದು ಕೋರಿಕೆ ಇದೆ. ಗುಡಿಸಿದ ಕಸಕ್ಕೆ ಮೂಲೆಯಲ್ಲಿ ಬೆಂಕಿ ಹಚ್ಚುವ ರೂಢಿ ನಿಮ್ಮಲ್ಲಿದ್ದರೆ ಇಂದೇ ನಿಲ್ಲಿಸಿರಿ. ಎಲೆಯೊಂದಿಗೆ ಪ್ಲಾಸ್ಟಿಕ್ಕೂ ಉರಿಯುತ್ತದೆ, ಆ ಹೊಗೆಯೆಲ್ಲ ಒಂದನೆಯ ತರಗತಿಯ ಕಿಟಕಿಯೊಳಗೆ ಹೋಗುತ್ತದೆ. ಎಲೆಗೆ ಒಂದು ಗೊಬ್ಬರದ ಗುಂಡಿ ಸಾಕು, ಒಣ ಕಸ ಪಂಚಾಯಿತಿಯ ಕಸದ ಗಾಡಿಯಾದ ಸ್ವಚ್ಛ ವಾಹಿನಿಗೆ ಹೋಗಲಿ.

ಉತ್ತರ: ಆರೋಗ್ಯ ನಿರೀಕ್ಷಣಾಧಿಕಾರಿ, ಶಹಾಪುರ ತಾಲ್ಲೂಕು

ಗುರುಗಳು ಹೇಳಿದ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಆರೋಗ್ಯ ಇಲಾಖೆಯಲ್ಲಿದ್ದುಕೊಂಡು ಶಾಲೆಗಳಿಗೆ ಹೋಗಿಬರುವ ನನಗೆ ಇನ್ನೊಂದು ಸಂಗತಿ ಬಹಳ ದಿನಗಳಿಂದ ಕೊರೆಯುತ್ತಿದೆ. ನಮ್ಮ ಸ್ವಚ್ಛತೆಯ ಪಾಠ ಯಾವಾಗಲೂ ಮಗುವಿನ ಮೈಯಲ್ಲಿ ತಪ್ಪು ಹುಡುಕುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಉಗುರು ತೋರಿಸು, ಹಲ್ಲು ತೋರಿಸು ಎನ್ನುತ್ತೇವೆ. ಹಲ್ಲಿನ ಮೇಲೆ ಕಂದು ಗೆರೆಗಳಿರುವ ಹುಡುಗನಿಗೆ, "ಹಲ್ಲು ಉಜ್ಜೋದಿಲ್ಲೇನು?" ಎಂದು ಎಲ್ಲರ ಎದುರಿಗೆ ಕೇಳುತ್ತೇವೆ. ಆ ಗೆರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಿರುವ ಬೋರ್‌ವೆಲ್ ನೀರನ್ನು ಕುಡಿದರೆ ಅಂಥ ಕಲೆ ಬೀಳುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಮೂಲವೇ ಇಲ್ಲದ ಕಡೆ 1.5ರ ವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಯಾದಗಿರಿ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಅದು ಈ ಮಿತಿಯನ್ನು ದಾಟಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಹೀಗಿರುವಾಗ ಆ ಹುಡುಗನನ್ನು ನಾಚಿಸುವ ಬದಲು ಇಡೀ ತರಗತಿಗೆ ನಮ್ಮ ಶಾಲೆಯ ನೀರು ಯಾವ ಬೋರಿನಿಂದ ಬರುತ್ತದೆ, ಶುದ್ಧ ನೀರಿನ ಘಟಕ ಚಾಲೂ ಇದೆಯೇ ಎಂಬ ಪ್ರಶ್ನೆಯನ್ನು ಕೊಟ್ಟರೆ, ಊರಿನ ಪರಿಸರಕ್ಕೂ ತಮ್ಮ ಮೈಗೂ ಇರುವ ನಂಟು ಅವರಿಗೆ ಅಲ್ಲಿಯೇ ತಿಳಿಯುತ್ತದೆ.

ತೊಟ್ಟಿಯ ಮುಚ್ಚಳದ ಬಗ್ಗೆ ಬರೆದಿದ್ದೀರಿ. ಅದನ್ನೇ ನಿಮ್ಮ ಪ್ರಯೋಗಶಾಲೆ ಮಾಡಿಕೊಳ್ಳಿ, ಮೇಡಂ. ಒಂದು ಟಾರ್ಚ್ ಹಿಡಿದು ನೀರಿನ ಮೇಲೆ ಬೆಳಕು ಬಿಟ್ಟು ಅಲುಗಾಡದೆ ನೋಡಲು ಹೇಳಿ. ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳ, ಇದ್ದರೆ ಅವು ಮೇಲ್ಮೈಗೆ ಬಾಲ ಹಚ್ಚಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ, ಬೆಳಕು ಅಥವಾ ನೆರಳು ಬಿದ್ದೊಡನೆ ಹೊರಳಾಡುತ್ತ ತಳಕ್ಕೆ ಇಳಿಯುತ್ತವೆ. ಹತ್ತಾರು ಲಾರ್ವಾಗಳನ್ನು ನೀರಿನೊಂದಿಗೆ ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ತೆಳು ಬಟ್ಟೆ ಬಿಗಿದು ತರಗತಿಯಲ್ಲಿ ಇಡಿ. ಬೇಸಿಗೆ ಕಳೆದ ಈ ಭಾಗದ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ತಾವೇ ತಂದ ನೀರಿನಿಂದ ಸೊಳ್ಳೆ ಎದ್ದು ಬಟ್ಟೆಗೆ ಬಡಿಯುವುದನ್ನು ಕಣ್ಣಾರೆ ಕಂಡ ಮಗುವಿಗೆ ಆಮೇಲೆ ಮುಚ್ಚಳದ ಬಗ್ಗೆ ಹೇಳಿಕೊಡಬೇಕಾಗುವುದಿಲ್ಲ. ನೋಡಿ ಮುಗಿದ ಮೇಲೆ ಬಾಟಲಿಯನ್ನು ಬಿಸಿಲಿನಲ್ಲಿ, ಒಣನೆಲದ ಮೇಲೆ ನೀವೇ ಖಾಲಿ ಮಾಡಿ.

ಇಲ್ಲಿ ಒಂದು ಎಚ್ಚರ ಬೇಕು. ನೀರು ಕೂಡಿಡಬೇಡಿ ಎಂದು ಗೋಡೆಯ ಮೇಲೆ ಬರೆಸುವುದು ನಮ್ಮ ಕಡೆಯ ಬದುಕಿಗೆ ಹೊಂದುವ ಮಾತಲ್ಲ. ನಳ ಬರುವುದೇ ಕೆಲವು ದಿನಗಳಿಗೊಮ್ಮೆ ಎಂದಾಗ ಬ್ಯಾರಲ್, ಹೌಜು, ಕೊಡಗಳಲ್ಲಿ ತುಂಬಿಡದೆ ಯಾರ ಮನೆ ನಡೆದೀತು? ಹೇಳಬೇಕಾದದ್ದು ಬೇರೆ. ತುಂಬಿಟ್ಟ ನೀರಿಗೆ ಹಳೆಯ ಧೋತರದ ತುಂಡನ್ನಾದರೂ ಬಿಗಿಯಾಗಿ ಕಟ್ಟಬೇಕು. ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆದು ಒಣಗಿಸಬೇಕು. ತಿಕ್ಕುವುದು ಏಕೆಂದರೆ, ಡೆಂಗಿ ಹರಡುವ ಈಡಿಸ್ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಅಂಚಿಗೆ, ಒದ್ದೆ ಗೋಡೆಯ ಮೇಲೆ ಅಂಟಿಸುತ್ತದೆ. ಬರಿದೆ ನೀರು ಚೆಲ್ಲಿದರೆ ಅವು ಅಲ್ಲಿಯೇ ಉಳಿಯುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಮತ್ತೆ ನೀರು ತಗುಲಿದಾಗ ಒಡೆಯುತ್ತವೆ. ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಅಂದರೆ ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿಯೇ.

ಕೈ ತೊಳೆಯುವುದನ್ನು ಕಲಿಸಲು ಅರಿಸಿನ ಒಂದೇ ಸಾಕು. ಬಿಸಿಯೂಟಕ್ಕೆ ಮುಂಚೆ ಮಕ್ಕಳ ಅಂಗೈಗೆ ಚೂರು ಎಣ್ಣೆಯಲ್ಲಿ ಕಲಸಿದ ಅರಿಸಿನ ಹಚ್ಚಿ, ಮೊದಲು ಬರೀ ನೀರಿನಲ್ಲಿ ತೊಳೆಯಲು ಬಿಡಿ. ಬೆರಳ ಸಂದಿ, ಉಗುರಿನ ಬುಡ, ಹೆಬ್ಬೆರಳ ಹಿಂಭಾಗ ಹಳದಿಯಾಗಿಯೇ ಉಳಿಯುತ್ತವೆ. ಆಮೇಲೆ ಗಟ್ಟಿ ಸಾಬೂನು ಕೊಡಿ. ಸಾಬೂನಿನ ಕ್ಷಾರ ತಗುಲಿದ ಕಡೆಯೆಲ್ಲ ಅರಿಸಿನ ಕೆಂಪಾಗುತ್ತದೆ, ತಗುಲದ ಕಡೆ ಹಳದಿಯೇ ಇರುತ್ತದೆ. ತನ್ನ ಕೈಯ ಯಾವ ಜಾಗಕ್ಕೆ ಸಾಬೂನು ಮುಟ್ಟಲಿಲ್ಲ ಎಂಬುದನ್ನು ಮಗು ತಾನೇ ಓದಿಕೊಳ್ಳುತ್ತದೆ. ಕೆಂಪಾದ ಕೈಯನ್ನು 20 ಸೆಕೆಂಡಾದರೂ ತಿಕ್ಕಿ ತೊಳೆಯಲಿ.

ಜಂತುಹುಳದ ಮಾತನ್ನೂ ಸೇರಿಸುತ್ತೇನೆ. ಫೆಬ್ರುವರಿ 10ರಂದು ನಾವು ಶಾಲೆಗೆ ಬಂದು ಅಲ್ಬೆಂಡಜೋಲ್ ಮಾತ್ರೆ ಜಗಿಸಿ ನುಂಗಿಸುತ್ತೇವೆ. ಆದರೆ ಕೊಕ್ಕೆಹುಳದ ಮರಿಗಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರುತ್ತವೆ ಎಂಬುದನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಬಯಲುಕಡೆ ಹೋಗುವ ಜಾಗ, ಮಳೆಗಾಲ, ಚಪ್ಪಲಿಯಿಲ್ಲದ ಕಾಲು, ರಕ್ತಹೀನತೆ ಈ ನಾಲ್ಕನ್ನೂ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಜೋಡಿಸಿ ತೋರಿಸಿದರೆ ಮಾತ್ರೆಗೂ ಒಂದು ಅರ್ಥ ಬರುತ್ತದೆ.

ಉತ್ತರ: ಪಾಲಕ, ಬೀದರ್

ನನ್ನ ಅಭಿಪ್ರಾಯ ಸ್ವಲ್ಪ ಭಿನ್ನವಾಗಿದೆ. ಗುಡಿಸಿಸಬೇಡಿ ಎನ್ನುವ ಎಲ್ಲ ಪಾಲಕರ ಮಾತೂ ಆ ತಾಯಿಯ ಮಾತಿನಂತೆ ನೋವಿನಿಂದ ಬಂದದ್ದಲ್ಲ. ಗುಡಿಸುವುದು ಕೀಳು ಕೆಲಸ, ಅದಕ್ಕೆ ಬೇರೆ ಜನ ಇದ್ದಾರೆ ಎಂಬ ಎಣಿಕೆಯಿಂದ ಬಂದು ಜಗಳ ಮಾಡುವವರೂ ಇದ್ದಾರೆ. ಮೊದಲನೆಯವರ ಮುಂದೆ ಶಾಲೆ ತಲೆಬಾಗಬೇಕು, ಎರಡನೆಯವರಿಗೆ ಮಣಿಯಬಾರದು. ಮನೆಯಲ್ಲಿ ತಾನು ಉಂಡ ತಾಟನ್ನು ಎತ್ತದೆ ಬೆಳೆಯುವ ಗಂಡುಮಗ ಶಾಲೆಯಲ್ಲಾದರೂ ಕಸಬರಿಗೆ ಹಿಡಿಯಲಿ. ಬಸವಾದಿ ಶರಣರು ಕಾಯಕದಲ್ಲಿ ಮೇಲುಕೀಳು ಇಲ್ಲವೆಂದು ಸಾರಿದ ಕಲ್ಯಾಣ ನಮ್ಮ ಜಿಲ್ಲೆಯಲ್ಲಿಯೇ ಇದೆ. ನಾವು ಅದನ್ನು ಭಾಷಣಕ್ಕೆ ಮಾತ್ರ ಇಟ್ಟುಕೊಳ್ಳಬಾರದು.

ಹೊರಸಂಚಾರಕ್ಕೆ ಅವಕಾಶವಿದ್ದರೆ ಬೀದರಿನ ನೌಬಾದಿಗೆ ಮಕ್ಕಳನ್ನು ಕರೆತನ್ನಿ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಜಂಬಿಟ್ಟಿಗೆಯ ನೆಲದೊಳಗೆ ಕೊರೆದ ಕರೇಜ್ ಅಲ್ಲಿದೆ. ನಮ್ಮವರು ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನೆಲದಡಿಯ ಕಾಲುವೆಗೆ ಮೇಲಿನಿಂದ ಅಲ್ಲಲ್ಲಿ ಗಾಳಿಬಾವಿಗಳನ್ನು ಇಳಿಸಿದ್ದಾರೆ. ಎಷ್ಟೋ ಕಾಲ ಇವುಗಳಲ್ಲಿ ಕೆಲವು ಮಣ್ಣು, ಕಸದಿಂದ ತುಂಬಿಹೋಗಿದ್ದವು. ಗಾಳಿಬಾವಿಯ ಬಾಯಿಯಲ್ಲಿ ನಿಂತು ಕೆಳಗೆ ನೋಡಿದ ಮಗುವಿಗೆ, ಇಲ್ಲಿ ಎಸೆದ ಕಸ ಅಲ್ಲಿ ಕೆಳಗಿನ ಓಣಿಯವರು ಕುಡಿಯುವ ನೀರನ್ನು ಮುಟ್ಟುತ್ತದೆ ಎಂಬುದು ಒಂದೇ ನೋಟಕ್ಕೆ ಹೊಳೆಯುತ್ತದೆ. ಊರಿನ ಬೋರ್‌ವೆಲ್ಲಿನಲ್ಲಿ ಆ ಸಂಬಂಧ ಕಣ್ಣಿಗೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಚೀಟಿ ಎತ್ತಿ ಹಂಚುವ ಕ್ರಮವನ್ನು ಸೋಮವಾರದಿಂದಲೇ ಆರಂಭಿಸುತ್ತೇವೆ. ಮುಖ್ಯಗುರುಗಳು ತಮ್ಮ ಹೆಸರನ್ನೂ ಸೇರಿಸಲು ಒಪ್ಪಿದ್ದಾರೆ. ಹಲ್ಲಿನ ಕಲೆಯ ಸಂಗತಿಯನ್ನು ಓದಿದ ಮೇಲೆ ತರಗತಿಯ ಮಕ್ಕಳನ್ನು ಬೇರೆಯದೇ ಕಣ್ಣಿನಿಂದ ನೋಡುವಂತಾಯಿತು. ಇನ್ನೆರಡು ಪ್ರಶ್ನೆಗಳಿವೆ. ಮಕ್ಕಳು ಕಂಡುಕೊಂಡದ್ದನ್ನು ಯಾರ ಮುಂದೆ ಇಡಬೇಕು? ಬಿಸಿಯೂಟದ ತಾಟು ತೊಳೆದ ನೀರು ಗೇಟಿನ ಹೊರಗೆ ಹರಿದು ಗಟಾರದಲ್ಲಿ ನಿಲ್ಲುತ್ತಿದೆ. ನಮ್ಮದು ಎರೆಮಣ್ಣಿನ ನೆಲ, ಅಲ್ಲಿ ನೀರು ಇಂಗುವುದೇ ಇಲ್ಲ. ಅದಕ್ಕೆ ಏನು ಮಾಡಬಹುದು?

ಉತ್ತರ: ಗ್ರಾಮ ಪಂಚಾಯಿತಿ ಸದಸ್ಯೆ, ಚಿಂಚೋಳಿ ತಾಲ್ಲೂಕು

ಅಕ್ಕಾವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಮಕ್ಕಳ ಗ್ರಾಮಸಭೆ. ಪ್ರತಿ ಪಂಚಾಯಿತಿಯೂ ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್ ಮಕ್ಕಳ ದಿನಾಚರಣೆಯ ನಂತರದ ವಾರಗಳಲ್ಲಿ, ಇದನ್ನು ಕರೆಯಬೇಕು. ಸಭೆ ನಡೆಯುತ್ತದೆ, ನಿಜ. ಆದರೆ ಬಹಳ ಕಡೆ ಮಕ್ಕಳಿಂದ ಹಾಡು ಹಾಡಿಸಿ, ಬಿಸ್ಕೀಟು ಕೊಟ್ಟು ಕಳಿಸುತ್ತಾರೆ. ನಿಮ್ಮ ಮಕ್ಕಳು "ನಮ್ಮೂರು ಸ್ವಚ್ಛ ಇರಬೇಕು" ಎಂದರೆ ನಾವೆಲ್ಲ ಚಪ್ಪಾಳೆ ತಟ್ಟಿ ಮರೆತುಬಿಡುತ್ತೇವೆ. ಅದರ ಬದಲು, ಇಂಥ ಓಣಿಯ ಇಂಥ ಕಂಬದ ಹತ್ತಿರ ಗಟಾರದ ಫರ್ಸಿ ಕಲ್ಲು ಒಡೆದಿದೆ, ಇಷ್ಟು ವಾರಗಳಿಂದ ನೀರು ನಿಂತಿದೆ, ಅದರಲ್ಲಿ ಲಾರ್ವಾ ಕಂಡಿವೆ ಎಂದು ನಕ್ಷೆ ಬರೆದು ತಂದರೆ ಜಾರಿಕೊಳ್ಳಲು ದಾರಿ ಇರುವುದಿಲ್ಲ. ಆ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ನೀವು ಸಭೆಯಿಂದ ಏಳಬೇಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ನಡಾವಳಿಯ ಪ್ರತಿ ಪಡೆದು ಮುಂದಿನ ಸಭೆಗೆ ಮಕ್ಕಳ ಕೈಯಲ್ಲಿಯೇ ಕಳುಹಿಸಿರಿ. ಕಳೆದ ಬಾರಿ ಒಪ್ಪಿಕೊಂಡದ್ದು ಏನಾಯಿತು ಎಂದು ಮಗು ಕೇಳಿದಾಗ ಸದಸ್ಯರಾದ ನಮಗೆ ಉತ್ತರ ಕೊಡಲೇಬೇಕಾಗುತ್ತದೆ.

ಎರಡನೆಯದಕ್ಕೆ, ನಮ್ಮ ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿಯಡಿ ಬಳಸಿದ ನೀರನ್ನು ನೆಲಕ್ಕೆ ಇಂಗಿಸುವ ಬಚ್ಚಲು ಗುಂಡಿಗಳನ್ನು ತೋಡಿಸಿದ್ದೇವೆ. ಎರೆಮಣ್ಣಿನಲ್ಲಿ ಸಣ್ಣ ಗುಂಡಿ ಕೆಲಸಕ್ಕೆ ಬಾರದು, ಬೇಗ ತುಂಬಿ ಉಕ್ಕುತ್ತದೆ. ಅಗಲವಾಗಿ ತೋಡಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು ತುಂಬಬೇಕು. ಅನ್ನದ ಅಗುಳು, ಬೇಳೆಯ ಜಿಡ್ಡು ಒಳಗೆ ಹೋಗದಂತೆ ಗುಂಡಿಗಿಂತ ಮೊದಲೇ ಒಂದು ಜಾಳಿಗೆಯನ್ನೂ ಸಣ್ಣ ತೊಟ್ಟಿಯನ್ನೂ ಇಡಬೇಕು, ಅವುಗಳನ್ನು ಆಗಾಗ ಬಳಿಯಬೇಕು. ಶಾಲೆಯಲ್ಲಿ ಇದಕ್ಕಿಂತ ಸುಲಭದ ದಾರಿ ಕೈತೋಟ. ತಾಟು ತೊಳೆದ ನೀರನ್ನು ಕಾಲುವೆ ಮಾಡಿ ಬಾಳೆ, ನುಗ್ಗೆ, ಕರಿಬೇವಿನ ಬುಡಕ್ಕೆ ಒಂದೊಂದು ದಿನ ಒಂದೊಂದು ಸಾಲಿಗೆ ತಿರುಗಿಸಿದರೆ ನಿಲ್ಲುವ ನೀರೇ ಉಳಿಯುವುದಿಲ್ಲ. ನುಗ್ಗೆಸೊಪ್ಪು ಬೇಳೆಯ ಸಾರಿಗೂ ಆಯಿತು. ಬೇಸಿಗೆ ರಜೆಯಲ್ಲಿ ಗಿಡಕ್ಕೆ ನೀರುಣಿಸುವವರು ಯಾರು ಎಂಬುದನ್ನು ಮಾತ್ರ ಮಾರ್ಚ್ ತಿಂಗಳಲ್ಲಿಯೇ ಗೊತ್ತು ಮಾಡಿಕೊಳ್ಳಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಒಂದು ವಾರ ಮರೆತರೂ ಸಸಿ ಉಳಿಯುವುದಿಲ್ಲ. ಗುಳೆ ಹೋಗದ ಮನೆಗಳ ಮಕ್ಕಳನ್ನೂ ಅಡುಗೆಯ ಅಕ್ಕಂದಿರನ್ನೂ ಈ ಹೊಣೆಗೆ ಕೂಡಿಸಿಕೊಂಡರೆ ಒಳ್ಳೆಯದು.

ಉತ್ತರ: ಆರೋಗ್ಯ ನಿರೀಕ್ಷಣಾಧಿಕಾರಿ, ಶಹಾಪುರ ತಾಲ್ಲೂಕು

ಗ್ರಾಮಸಭೆಗೆ ಹೋಗುವ ಮುನ್ನ ನೀರಿನ ಪರೀಕ್ಷೆಯ ವರದಿ ಕೈಯಲ್ಲಿರಲಿ. ಮನೆಮನೆಗೆ ನಳದ ನೀರು ಕೊಡುವ ಜಲ ಜೀವನ್ ಮಿಷನ್ನಿನಡಿ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ, ಊರಿನ ಮಹಿಳೆಯರಿಗೆ ಅದರ ತರಬೇತಿಯೂ ಆಗಿದೆ. ಅವರನ್ನು ತರಗತಿಗೆ ಕರೆದು ಮಕ್ಕಳ ಎದುರಿಗೇ ಪರೀಕ್ಷೆ ಮಾಡಿಸಿರಿ. ಕಿಟ್‌ನಲ್ಲಿ ಫ್ಲೋರೈಡ್ ಹೆಚ್ಚೆಂದು ಕಂಡರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿಯನ್ನು ಕಳುಹಿಸಬೇಕು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಪತ್ತೆಯಾದ ಜಿಲ್ಲೆ ನಮ್ಮದಾದ್ದರಿಂದ, ಹೊಸ ಬೋರ್‌ವೆಲ್ ಆಗಿದ್ದರೆ ಆರ್ಸೆನಿಕ್ಕನ್ನೂ ಪರೀಕ್ಷಿಸಲು ಪತ್ರದಲ್ಲಿ ಬರೆಯಿರಿ.

ಮಾದರಿ ತುಂಬುವುದನ್ನು ಮಕ್ಕಳೇ ಮಾಡಬಹುದು. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಪಂಪನ್ನು ಕೆಲವು ನಿಮಿಷ ಓಡಿಸಿ, ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ಕಲಕಿ ಚೆಲ್ಲಿ, ಆಮೇಲೆ ಅಂಚಿನವರೆಗೆ ತುಂಬಿ ಮುಚ್ಚಬೇಕು. ಊರು, ಬೋರ್‌ವೆಲ್ ಇರುವ ಜಾಗ ಮತ್ತು ತಾರೀಖನ್ನು ಚೀಟಿಯಲ್ಲಿ ಬರೆದು ಅಂಟಿಸಿರಿ. ಶಾಲೆಯ ನಳದ ನೀರು ಮತ್ತು ಶುದ್ಧ ನೀರಿನ ಘಟಕದ ನೀರು ಎರಡನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ಕಳುಹಿಸಿದರೆ ಘಟಕ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದೂ ಅದೇ ವರದಿಯಲ್ಲಿ ತಿಳಿಯುತ್ತದೆ.